ಮಾತು ಮತ್ತು ಧಾತು: ರವೀಂದ್ರನಾಥ ಠಾಕೂರರ ಗೀತಜೀವನ ಹಾಗೂ ಯುರೋಪಿನ ಚೇಂಬರ್ ಸಂಗೀತ

1. ಪ್ರವೇಶ

ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಹಾಡಿನ ಸಾಹಿತ್ಯಭಾಗವನ್ನು ಮಾತು ಎಂದೂ ಗೇಯಭಾಗವನ್ನು ಧಾತು ಎಂದೂ ಕರೆಯುತ್ತಾನೆ. ಇವೆರಡನ್ನೂ ರಚಿಸಬಲ್ಲವನು ವಾಗ್ಗೇಯಕಾರ. ಪರರು ಮಾಡಿಟ್ಟ ಧಾತುವಿಗೆ ತನ್ನ ಮಾತನ್ನು ಹೊಂದಿಸುವವನು ಕುಟ್ಟಿಕಾರ. ಶಾಸ್ತ್ರಕಾರನ ದೃಷ್ಟಿಯಲ್ಲಿ ಇವರಿಬ್ಬರ ಸ್ಥಾನ ಒಂದೇ ಅಲ್ಲ. ರವೀಂದ್ರನಾಥ ಠಾಕೂರರ ಎಂಬತ್ತು ವರ್ಷಗಳ ಜೀವನವನ್ನು ಈ ಎರಡು ಪರಿಭಾಷೆಗಳ ಹಿನ್ನೆಲೆಯಲ್ಲಿ ನೋಡಿದಾಗ, ಕವಿಯಾಗಿ ಮಾತ್ರ ಅವರನ್ನು ಓದುವ ರೂಢಿಯಲ್ಲಿ ಮರೆಯಾಗಿರುವ ಒಂದು ಮುಖ್ಯ ಎಳೆ ಕಣ್ಣಿಗೆ ಬೀಳುತ್ತದೆ.

1927ರ ಜನವರಿ 8ರಂದು ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಕೋಲಿಷ್ ಮೇಳದ ನಾಲ್ವರು ವಾದಕರು ಆಲ್ಬಾನ್ ಬರ್ಗ್ ರಚಿಸಿದ ‘ಲಿರಿಕ್ ಸ್ವೀಟ್’ ಎಂಬ ಕೃತಿಯನ್ನು ಮೊದಲ ಬಾರಿಗೆ ನುಡಿಸಿದರು. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲೋ ಇಷ್ಟೇ ಅದರ ವಾದ್ಯಪರಿವಾರ. ಹಾಡುಗಾರರಿರಲಿಲ್ಲ; ಹಾಡಲು ಮಾತೂ ಇರಲಿಲ್ಲ. ಆದರೂ ಆ ಕೃತಿಯ ನಾಲ್ಕನೆಯ ಭಾಗದಲ್ಲಿ ಕೇಳಿಬಂದ ಒಂದು ಸ್ವರಪಂಕ್ತಿಯ ಬೇರು ಬಂಗಾಳದಲ್ಲಿ, ರವೀಂದ್ರರ ‘ಕಲ್ಪನಾ’ ಸಂಕಲನದ ‘ಮಾನಸ ಪ್ರತಿಮಾ’ ಎಂಬ ಪ್ರೇಮಗೀತದಲ್ಲಿತ್ತು. ಬಂಗಾಳಿಯಲ್ಲಿ ಹಾಡಾಗಿದ್ದುದು ಇಂಗ್ಲಿಷಿನಲ್ಲಿ ಗದ್ಯವಾಗಿ, ಜರ್ಮನ್ ಭಾಷೆಯಲ್ಲಿ ಮತ್ತೆ ಹಾಡಾಗಿ, ಕೊನೆಗೆ ತಂತಿಗಳ ಮೇಲೆ ಮಾತಿಲ್ಲದ ನಾದವಾಗಿ ಉಳಿದಿತ್ತು. ಈ ಪಯಣದಲ್ಲಿ ಕಳೆದುಹೋದದ್ದೇನು, ಉಳಿದುಬಂದದ್ದೇನು ಎಂಬುದು ಅನುವಾದದ ಪ್ರಶ್ನೆ ಮಾತ್ರವಲ್ಲ. ಹಾಡಿನ ಒಡೆತನದ ಪ್ರಶ್ನೆಯೂ ಹೌದು. ರವೀಂದ್ರರು ಈ ಪ್ರಶ್ನೆಯನ್ನು ಎರಡೂ ದಿಕ್ಕಿನಿಂದ ಬದುಕಿದವರು. ತಾರುಣ್ಯದಲ್ಲಿ ಅವರು ಪರರ ಧಾತುವನ್ನು ಪಡೆದು ಮಾತನ್ನು ಬಿಟ್ಟರು; ಪ್ರೌಢವಯಸ್ಸಿನಲ್ಲಿ ಪರರು ಅವರ ಮಾತನ್ನು ಪಡೆದು ಧಾತುವನ್ನು ಬಿಟ್ಟರು.

2. ಜೋಡಾಸಾಂಕೊ ಮನೆಯ ನಾದ

ರವೀಂದ್ರನಾಥರು 1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ ಜನಿಸಿದರು. ತಂದೆ ದೇವೇಂದ್ರನಾಥರು ಬ್ರಹ್ಮಸಮಾಜದ ನಾಯಕರು, ತಾಯಿ ಶಾರದಾದೇವಿ. ಬ್ರಹ್ಮಸಮಾಜದ ಉಪಾಸನೆಯಲ್ಲಿ ಹಾಡಿಗೆ ಕೇಂದ್ರ ಸ್ಥಾನವಿತ್ತು. ಸಮಾಜದ ಗಾಯಕರಾಗಿದ್ದ ವಿಷ್ಣುಚಂದ್ರ ಚಕ್ರವರ್ತಿಗಳು ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಬಿಷ್ಣುಪುರ ಪರಂಪರೆಯ ಧ್ರುಪದ ಗಾಯಕ ಜದುಭಟ್ಟರೂ ಆ ಮನೆಯಲ್ಲಿ ಕೆಲಕಾಲ ಇದ್ದರು. ಆದರೆ ಬಾಲಕ ರವೀಂದ್ರನು ಕ್ರಮಬದ್ಧ ಶಿಷ್ಯನಾಗಲಿಲ್ಲ. ಶಾಲೆಯ ಗೋಡೆಗಳನ್ನು ಒಲ್ಲದಂತೆಯೇ ಸಾಧನೆಯ ಶಿಸ್ತನ್ನೂ ಅವನು ಒಲ್ಲನು. ಕಿವಿಗೆ ಬಿದ್ದುದನ್ನು ಹಿಡಿದಿಟ್ಟುಕೊಳ್ಳುವುದೇ ಅವನ ಕಲಿಕೆಯ ಮಾರ್ಗವಾಯಿತು. ಧ್ರುಪದದ ನಾಲ್ಕು ಭಾಗಗಳ ಕಟ್ಟು, ಅದರ ಮಿತಭಾಷಿತ್ವ ಮುಂದೆ ಅವರ ಹಾಡುಗಳ ಒಡಲಾಗಿ ನಿಂತದ್ದಕ್ಕೆ ಈ ಕೇಳ್ಮೆಯೇ ಮೂಲ.

ರವೀಂದ್ರರ ಸಂಗೀತಜೀವನಕ್ಕೆ ನಿರ್ಣಾಯಕ ತಿರುವು ನೀಡಿದವರು ಅಣ್ಣ ಜ್ಯೋತಿರಿಂದ್ರನಾಥರು. ಅವರು ಪಿಯಾನೋದ ಮುಂದೆ ಕುಳಿತು ಹೊಸ ಹೊಸ ಧಾಟಿಗಳನ್ನು ಹೊರಡಿಸುತ್ತಿದ್ದರು. ಪಕ್ಕದಲ್ಲಿ ಕುಳಿತ ತಮ್ಮನೂ ಕುಟುಂಬದ ಸ್ನೇಹಿತ ಅಕ್ಷಯಚಂದ್ರ ಚೌಧುರಿಯೂ ಆ ಧಾಟಿಗಳು ಗಾಳಿಯಲ್ಲಿ ಕರಗುವ ಮುನ್ನ ಅವಕ್ಕೆ ಮಾತುಗಳನ್ನು ಜೋಡಿಸುತ್ತಿದ್ದರು. ಇಲ್ಲಿ ಧಾತು ಮೊದಲು, ಮಾತು ಅನಂತರ. ಶಾರ್ಙ್ಗದೇವನ ವರ್ಗೀಕರಣದಂತೆ ಈ ಹಂತದ ರವೀಂದ್ರರು ಕುಟ್ಟಿಕಾರರೇ. ಆದರೆ ಈ ಅಭ್ಯಾಸವನ್ನು ಕೀಳೆಂದು ಕಾಣಬೇಕಾಗಿಲ್ಲ. ಪದದ ತೂಕ ಸ್ವರದ ತೂಕಕ್ಕೆ ಹೊಂದುವುದು ಹೇಗೆ, ಯಾವ ಅಕ್ಷರ ಎಳೆತವನ್ನು ತಾಳುತ್ತದೆ, ಯಾವುದು ತಾಳದು ಎಂಬ ವಿವೇಕವನ್ನು ಅವರು ಪಡೆದದ್ದು ಈ ಕೆಲಸದಲ್ಲಿ.

3. ಪರರ ಧಾಟಿ: ಇಂಗ್ಲೆಂಡ್, ಕಾರವಾರ, ಮೈಸೂರು

1878ರಲ್ಲಿ ಹದಿನೇಳರ ಹರೆಯದ ರವೀಂದ್ರರನ್ನು ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಬ್ರೈಟನ್ನಿನಲ್ಲಿಯೂ ಲಂಡನ್ನಿನಲ್ಲಿಯೂ ಇದ್ದು, ಪದವಿಯಿಲ್ಲದೆ 1880ರಲ್ಲಿ ಅವರು ಹಿಂದಿರುಗಿದರು. ಪದವಿ ಬರಲಿಲ್ಲವಾದರೂ ಹಾಡುಗಳು ಬಂದವು. ಅಲ್ಲಿನ ಪ್ರಸಿದ್ಧ ಗಾಯಕಿಯರ ಕಂಠದ ಕಸರತ್ತು ಆರಂಭದಲ್ಲಿ ಅವರಿಗೆ ಹಕ್ಕಿಯ ದನಿಯ ಅಣಕದಂತೆ ವಿಚಿತ್ರವಾಗಿ ಕೇಳಿಸಿತ್ತು. ಕ್ರಮೇಣ ಆ ಸಂಗೀತದ ವೈವಿಧ್ಯ ಅವರಿಗೆ ಹಿಡಿಸಿತು. ಐರಿಷ್ ಮತ್ತು ಸ್ಕಾಟಿಷ್ ಜನಪದ ಧಾಟಿಗಳು ಹೆಚ್ಚು ಆಪ್ತವಾದವು. 1881ರಲ್ಲಿ ಜೋಡಾಸಾಂಕೊ ಮನೆಯಲ್ಲಿ ಪ್ರದರ್ಶಿತವಾದ ‘ವಾಲ್ಮೀಕಿ ಪ್ರತಿಭಾ’ ಗೀತನಾಟಕದಲ್ಲಿ ಭಾರತೀಯ ರಾಗಗಳ ಜೊತೆಗೆ ಈ ವಿದೇಶೀ ಧಾಟಿಗಳೂ ಸೇರಿದವು. ವಾಲ್ಮೀಕಿಯ ಪಾತ್ರವನ್ನು ಸ್ವತಃ ಕವಿಯೇ ವಹಿಸಿದ್ದರು. ‘ಆಲ್ಡ್ ಲ್ಯಾಂಗ್ ಸೈನ್’ ಎಂಬ ಸ್ಕಾಟಿಷ್ ಗೀತದ ಧಾಟಿಗೆ ಅವರು ಹೊಂದಿಸಿದ ಬಂಗಾಳಿ ಸ್ನೇಹಗೀತ ಇಂದಿಗೂ ಬಂಗಾಳದ ಮನೆಮನೆಯ ಹಾಡಾಗಿದೆ. ಅದನ್ನು ಹಾಡುವ ಹಲವರಿಗೆ ಅದು ಪರದೇಶದ್ದೆಂಬ ಅರಿವೂ ಇರುವುದಿಲ್ಲ.

ಈ ಆದಾನದ ಭೂಪಟದಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ. ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಅಣ್ಣ ಸತ್ಯೇಂದ್ರನಾಥರು ಅಂದಿನ ಮುಂಬಯಿ ಪ್ರಾಂತದ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ರವೀಂದ್ರರು ಅಲ್ಲಿ ಕೆಲಕಾಲ ತಂಗಿದ್ದರು. ಕಡಲತೀರ, ಕಾಳೀನದಿಯ ಮೇಲಿನ ಬೆಳದಿಂಗಳ ದೋಣಿಯಾನ ಇವನ್ನು ಅವರು ಮುಂದೆ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ ನಾಟಕ ರೂಪುಗೊಂಡದ್ದು ಇಲ್ಲಿಯೇ. ಬಂಗಾಳಿ ವಿದ್ವಾಂಸರು ‘ಭಾಂಗಾ ಗಾನ್’ ಎಂದು ಕರೆಯುವ, ಅನ್ಯ ಧಾಟಿಯನ್ನು ಒಡೆದು ಕಟ್ಟಿದ ಹಾಡುಗಳ ಪಟ್ಟಿಯಲ್ಲಿ ‘ಸಖೀ ಬಾ ಬಾ’, ‘ಪೂರ್ಣಚಂದ್ರಾನನೆ’ ಎಂಬ ಕನ್ನಡ ಹಾಡುಗಳ ಧಾಟಿಯನ್ನು ಆಧರಿಸಿದ ರಚನೆಗಳಿವೆ. ಕನ್ನಡದ ಶೃಂಗಾರದ ಕರೆ ಬಂಗಾಳದಲ್ಲಿ ದೇವರ ಮುಂದಿನ ಮೊರೆಯಾಯಿತು. ಮುಂದಿನ ದಶಕದಲ್ಲಿ ಸೋದರಸೊಸೆ ಸರಳಾದೇವಿಯು ಮೈಸೂರಿನ ಮಹಾರಾಣಿಯವರ ಬಾಲಿಕಾ ಪಾಠಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದು, ಅಲ್ಲಿ ಕೇಳಿದ ದಕ್ಷಿಣಾದಿ ಹಾಡುಗಳನ್ನು ಸಂಗ್ರಹಿಸಿ ಮಾವನಿಗೆ ಒಪ್ಪಿಸಿದಳು. ಅವುಗಳಿಂದ ಕೆಲವು ಬ್ರಹ್ಮಸಂಗೀತಗಳು ಹುಟ್ಟಿದವು. ಈ ಎರವಲುಗಳನ್ನು ವ್ಯವಸ್ಥಿತವಾಗಿ ಗುರುತಿಸಿದ ಕೀರ್ತಿ ಸತ್ಯೇಂದ್ರನಾಥರ ಮಗಳು ಇಂದಿರಾದೇವಿ ಚೌಧುರಾಣಿಯವರದು. ಭಾರತೀಯ ಸಂಗೀತ, ಪಾಶ್ಚಾತ್ಯ ಸಂಗೀತಗಳೆರಡನ್ನೂ ಬಲ್ಲ ಅವರ ‘ರವೀಂದ್ರಸಂಗೀತೇರ್ ತ್ರಿವೇಣೀಸಂಗಮ್’ ಈ ಕ್ಷೇತ್ರದ ಮೂಲಭೂತ ಗ್ರಂಥ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸ್ಕಾಟಿಷ್ ಹಾಡನ್ನಾಗಲಿ ಕನ್ನಡದ ಹಾಡನ್ನಾಗಲಿ ತರುವಾಗ ರವೀಂದ್ರರು ಅದರ ಸಾಹಿತ್ಯವನ್ನು ಅನುವಾದಿಸುವ ಗೋಜಿಗೆ ಹೋಗಲಿಲ್ಲ. ಧಾತು ಮಾತ್ರ ಗಡಿ ದಾಟಿತು. ಮಾತು ತನ್ನ ಊರಿನಲ್ಲೇ ಉಳಿಯಿತು.

4. ವಾಗ್ಗೇಯಕಾರನ ಉದಯ

1883ರ ಡಿಸೆಂಬರಿನಲ್ಲಿ ಮೃಣಾಲಿನೀದೇವಿಯೊಡನೆ ರವೀಂದ್ರರ ವಿವಾಹವಾಯಿತು. ಮರುವರ್ಷ ಜ್ಯೋತಿರಿಂದ್ರನಾಥರ ಪತ್ನಿ, ರವೀಂದ್ರರ ಬಾಲ್ಯದ ಒಡನಾಡಿ ಕಾದಂಬರೀದೇವಿ ಆತ್ಮಹತ್ಯೆ ಮಾಡಿಕೊಂಡರು. ಪಿಯಾನೋದ ಸುತ್ತ ಕಟ್ಟಿಕೊಂಡಿದ್ದ ಆ ಸಂಗೀತಗೋಷ್ಠಿ ಚದುರಿತು. ಇನ್ನು ಮುಂದೆ ಧಾಟಿಯನ್ನೂ ಒಳಗಿನಿಂದಲೇ ಹೊರಡಿಸುವ ಹೊಣೆ ಕವಿಯ ಮೇಲೆ ಬಿತ್ತು.

1890ರ ದಶಕದಲ್ಲಿ ಮನೆತನದ ಜಮೀನುಗಳ ಮೇಲ್ವಿಚಾರಣೆಗಾಗಿ ಅವರು ಶಿಲಾಯಿದಹದಲ್ಲಿ, ಪದ್ಮಾನದಿಯ ಮೇಲಿನ ದೋಣಿಮನೆಯಲ್ಲಿ ದೀರ್ಘಕಾಲ ನೆಲೆಸಿದರು. ಬಾವುಲರ ಏಕತಾರಿಯ ಹಾಡು, ಅಂಬಿಗರ ಭಾಟಿಯಾಲಿ, ಕೀರ್ತನೆಗಳು ಧ್ರುಪದದ ಕಟ್ಟಿನೊಳಗೆ ಬಂದು ಸೇರಿದವು. ಅಲ್ಲಿನ ಅಂಚೆಯವ ಗಗನ ಹರಕರನ ಧಾಟಿಯೊಂದನ್ನು ಆಧರಿಸಿ 1905ರ ವಂಗಭಂಗ ವಿರೋಧಿ ಚಳವಳಿಯ ಸಂದರ್ಭದಲ್ಲಿ ಅವರು ಕಟ್ಟಿದ ಹಾಡು ಮುಂದೆ ಬಾಂಗ್ಲಾದೇಶದ ರಾಷ್ಟ್ರಗೀತೆಯಾಯಿತು. ‘ಕಲ್ಪನಾ’ ಸಂಕಲನ ಪ್ರಕಟವಾದದ್ದು 1900ರಲ್ಲಿ. ಅದರೊಳಗಿನ ‘ಮಾನಸ ಪ್ರತಿಮಾ’ ಸಂಜೆಯ ಮುಗಿಲಿನಂತೆ ದೂರದಲ್ಲಿ ತೇಲುವ ಪ್ರಿಯೆಯನ್ನು ಕುರಿತದ್ದು. ತನ್ನ ಕಲ್ಪನೆಯ ಬಣ್ಣಗಳಿಂದ ತಾನೇ ಅವಳನ್ನು ರೂಪಿಸಿಕೊಂಡೆನೆಂಬ ಅರಿವು, ಆದ್ದರಿಂದಲೇ ಅವಳು ತನ್ನವಳೆಂಬ ಹಕ್ಕಿನ ಕೂಗು ಅದರ ಪಲ್ಲವಿಯ ಭಾವ. ಕೈಗೆ ಸಿಗದವಳನ್ನು ತನ್ನವಳೆಂದು ಸಾರುವ ಈ ದ್ವಂದ್ವವೇ ಹಾಡಿನ ಜೀವಾಳ. ಇಲ್ಲಿ ಮಾತೂ ಧಾತುವೂ ರವೀಂದ್ರರವೇ.

1901ರಲ್ಲಿ ಶಾಂತಿನಿಕೇತನದ ಶಾಲೆ ಆರಂಭವಾಯಿತು. ಅದರ ಬೆನ್ನಿಗೇ ಸಾವುಗಳ ಸರಣಿ ಬಂತು. 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರ ತೀರಿಕೊಂಡರು. 1910ರ ಬಂಗಾಳಿ ‘ಗೀತಾಂಜಲಿ’ಯ 157 ರಚನೆಗಳಲ್ಲಿ ಬಹುಪಾಲು ಈ ನೋವಿನ ವರ್ಷಗಳ ಆಚೆಗೆ ಹೊಮ್ಮಿದ ಹಾಡುಗಳು. ಹೆಸರೇ ಸೂಚಿಸುವಂತೆ ಅದು ಗೀತಗಳ ಅಂಜಲಿ. ಹಲವು ಸಲ ರವೀಂದ್ರರು ತಾವೇ ಕಟ್ಟಿದ ಧಾಟಿಯನ್ನು ಕೆಲವೇ ದಿನಗಳಲ್ಲಿ ಮರೆಯುತ್ತಿದ್ದರು. ಅಣ್ಣನ ಮೊಮ್ಮಗ ದಿನೇಂದ್ರನಾಥರು ಬಳಿಯಲ್ಲಿದ್ದು ಅದನ್ನು ಕಂಠಸ್ಥಮಾಡಿಕೊಂಡು ಸ್ವರಲಿಪಿಗೆ ಇಳಿಸುತ್ತಿದ್ದರು. ‘ಫಾಲ್ಗುಣೀ’ ನಾಟಕವನ್ನು ಅವರಿಗೆ ಅರ್ಪಿಸುವಾಗ ಕವಿ ಅವರನ್ನು ತಮ್ಮ ಗೀತಗಳ ಭಂಡಾರಿಯೆಂದು ಗುರುತಿಸಿದ್ದು ಬರಿಯ ಸೌಜನ್ಯವಲ್ಲ. ಧಾತು ಎಷ್ಟು ಸುಲಭವಾಗಿ ಕಳೆದುಹೋಗಬಲ್ಲದೆಂಬುದನ್ನು ಅದರ ಕರ್ತೃವೇ ಅನುಭವದಿಂದ ಬಲ್ಲವರಾಗಿದ್ದರು.

5. ಧಾತು ಕಳಚಿದ ಮಾತು

1912ರ ಮಾರ್ಚಿನಲ್ಲಿ ಹೊರಡಬೇಕಾಗಿದ್ದ ಇಂಗ್ಲೆಂಡ್ ಯಾತ್ರೆ ಅನಾರೋಗ್ಯದಿಂದ ಮುಂದಕ್ಕೆ ಹೋಯಿತು. ಶಿಲಾಯಿದಹದಲ್ಲಿ ವಿಶ್ರಾಂತಿ ಪಡೆಯುತ್ತ, ಹೊಸದನ್ನು ಬರೆಯುವ ಶಕ್ತಿಯಿಲ್ಲದೆ, ರವೀಂದ್ರರು ತಮ್ಮ ಹಾಡುಗಳನ್ನು ಇಂಗ್ಲಿಷ್ ಗದ್ಯಕ್ಕೆ ತರತೊಡಗಿದರು. ಆ ಕೆಲಸ ಹಡಗಿನಲ್ಲಿಯೂ ಮುಂದುವರಿಯಿತು. ಲಂಡನ್ನಿನಲ್ಲಿ ಚಿತ್ರಕಾರ ವಿಲಿಯಂ ರೊಥೆನ್‌ಸ್ಟೈನ್ ಅವರ ಮೂಲಕ ಅದು ಡಬ್ಲ್ಯು. ಬಿ. ಯೇಟ್ಸ್ ಕೈಸೇರಿತು. ಆ ವರ್ಷದ ಕೊನೆಗೆ ಇಂಡಿಯಾ ಸೊಸೈಟಿ 750 ಪ್ರತಿಗಳ ಮಿತ ಮುದ್ರಣವನ್ನು ಹೊರತಂದಿತು. ಆ ಇಂಗ್ಲಿಷ್ ‘ಗೀತಾಂಜಲಿ’ಯ 103 ರಚನೆಗಳಲ್ಲಿ ಬಂಗಾಳಿ ‘ಗೀತಾಂಜಲಿ’ಯಿಂದ ಬಂದವು 53, ಉಳಿದವು ಬೇರೆ ಸಂಕಲನಗಳವು. 1913ರಲ್ಲಿ ಪ್ರೇಮಗೀತಗಳ ‘ದಿ ಗಾರ್ಡನರ್’ ಪ್ರಕಟವಾಯಿತು. ‘ಮಾನಸ ಪ್ರತಿಮಾ’ ಅದರಲ್ಲಿ ಮೂವತ್ತನೆಯ ಗದ್ಯಕವನವಾಗಿ ಕಾಣಿಸಿಕೊಂಡಿತು. ಅದೇ ನವೆಂಬರಿನಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು.

ಈ ಗದ್ಯದಲ್ಲಿ ಪ್ರಾಸ, ಛಂದಸ್ಸುಗಳಿರಲಿಲ್ಲ. ಧಾಟಿಯಂತೂ ಇರಲೇ ಇಲ್ಲ. ತಮ್ಮ ಅನುವಾದಗಳು ಮೂಲದ ನಾಣ್ಯಕ್ಕೆ ಸಮವಲ್ಲವೆಂಬ ಅಳುಕನ್ನು ರವೀಂದ್ರರು ಮುಂದೆ ಎಡ್ವರ್ಡ್ ಥಾಮ್ಸನ್ನರಿಗೆ ಬರೆದ ಪತ್ರದಲ್ಲಿ ತೋಡಿಕೊಂಡರು. ಆದರೆ ಈ ಕೊರತೆಯೇ ಯುರೋಪಿನ ಸಂಗೀತಕಾರರಿಗೆ ಒಂದು ಅವಕಾಶವಾಗಿ ಕಂಡಿತು. ಧಾಟಿ ಕಳಚಿದ ಹಾಡು ಮತ್ತೊಂದು ಧಾಟಿಗಾಗಿ ತೆರೆದ ಮನೆಯಂತಿರುತ್ತದೆ. ಕಟ್ಟುನಿಟ್ಟಾದ ಛಂದಸ್ಸು ಇಲ್ಲದಿದ್ದುದರಿಂದ ಹಳೆಯ ಚೌಕ ಲಯಗಳಿಂದ ಬಿಡಿಸಿಕೊಳ್ಳಬಯಸಿದ್ದ ಆ ತಲೆಮಾರಿನವರಿಗೆ ಅದು ಇನ್ನಷ್ಟು ಅನುಕೂಲವಾಯಿತು.

ಅಮೆರಿಕದ ಜಾನ್ ಆಲ್ಡನ್ ಕಾರ್ಪೆಂಟರ್ 1913ರಲ್ಲಿಯೇ ‘ಗೀತಾಂಜಲಿ’ಯ ಆರು ಕವನಗಳನ್ನು ಕಂಠ ಮತ್ತು ಪಿಯಾನೋಗಾಗಿ ಸಂಯೋಜಿಸಿದರು. ಆಂದ್ರೆ ಜೀದ್ ಮಾಡಿದ ಫ್ರೆಂಚ್ ಅನುವಾದವನ್ನು ಬಳಸಿ ಇಟಲಿಯ ಆಲ್ಫ್ರೆಡೊ ಕಾಸೆಲ್ಲಾ 1915ರಲ್ಲಿ, ಮಹಾಯುದ್ಧದ ನಡುವೆ, ಸಾವನ್ನು ಕುರಿತ ನಾಲ್ಕು ಗೀತಗಳನ್ನು ಬದುಕಿಗೆ ವಿದಾಯವೆಂಬ ಹೆಸರಿನಲ್ಲಿ ಸಂಯೋಜಿಸಿದರು. 1926ರಲ್ಲಿ ಅದನ್ನು ಪುಟ್ಟ ವಾದ್ಯಮೇಳಕ್ಕೆ ಅಳವಡಿಸಿದರು. ಪೋಲೆಂಡಿನ ಕಾರೊಲ್ ಶಿಮನೋವ್‌ಸ್ಕಿ 1918ರಲ್ಲಿ ‘ದಿ ಗಾರ್ಡನರ್’ನಿಂದ ನಾಲ್ಕು ಗೀತಗಳನ್ನು ಆರಿಸಿಕೊಂಡರು. ಇಂಗ್ಲೆಂಡಿನ ಫ್ರಾಂಕ್ ಬ್ರಿಜ್ 1922ರಿಂದ 1925ರ ಅವಧಿಯಲ್ಲಿ ರಚಿಸಿದ ಮೂರು ಠಾಕೂರ್ ಗೀತಗಳಲ್ಲಿ ಕೊನೆಯದು ‘ಮಾನಸ ಪ್ರತಿಮಾ’ದ ಇಂಗ್ಲಿಷ್ ರೂಪವನ್ನೇ ಆಧರಿಸಿದೆ. ಇವುಗಳಲ್ಲಿ ಹೆಚ್ಚಿನವು ಚೇಂಬರ್ ಸಂಗೀತದ ಆವರಣಕ್ಕೆ ಸೇರಿದವು. ಚೇಂಬರ್ ಸಂಗೀತವೆಂದರೆ ಮಹಾಮೇಳವಿಲ್ಲದೆ, ನಿರ್ದೇಶಕನಿಲ್ಲದೆ ಕೆಲವೇ ವಾದಕರು ಸಣ್ಣ ಸಭಾಂಗಣದಲ್ಲಿ ಒಬ್ಬರ ಉಸಿರನ್ನೊಬ್ಬರು ಆಲಿಸುತ್ತ ನುಡಿಸುವ ಪ್ರಕಾರ. ನಮ್ಮ ಬೈಠಕ್ಕಿನ ಆಪ್ತತೆಗೆ ಹತ್ತಿರವಾದದ್ದು. ಸಭೆಗಿಂತ ಸನ್ನಿಧಿಗೆ ಹೆಚ್ಚು ಒಗ್ಗುವ ರವೀಂದ್ರರ ಗೀತಗಳು ಯುರೋಪಿನಲ್ಲಿ ಈ ಪ್ರಕಾರವನ್ನು ಅರಸಿಕೊಂಡದ್ದು ಸಹಜವಾಗಿದೆ.

6. ಪ್ರಾಗ್‌ನಿಂದ ವಿಯೆನ್ನಾದವರೆಗೆ

1919ರಲ್ಲಿ ಜಲಿಯನ್‌ವಾಲಾಬಾಗ್ ಹತ್ಯಾಕಾಂಡವನ್ನು ಪ್ರತಿಭಟಿಸಿ ನೈಟ್ ಪದವಿಯನ್ನು ತ್ಯಜಿಸಿದ ರವೀಂದ್ರರು, ವಿಶ್ವಭಾರತಿಯ ಕನಸನ್ನು ಹೊತ್ತು 1921ರಲ್ಲಿ ಮಧ್ಯ ಯುರೋಪಿನಲ್ಲಿ ಸಂಚರಿಸಿದರು. ಆ ಜೂನ್ ತಿಂಗಳಿನಲ್ಲಿ ಅವರು ಪ್ರಾಗ್‌ನಲ್ಲಿ ಮಾತನಾಡಿದಾಗ ಸಭಿಕರಲ್ಲಿ ಚೆಕ್ ಸಂಗೀತಕಾರ ಲಿಯೋಶ್ ಯಾನಾಚೆಕ್ ಇದ್ದರು. ಮನುಷ್ಯರ ಮಾತಿನ ಏರಿಳಿತವನ್ನು ಸ್ವರಲಿಪಿಯಲ್ಲಿ ಗುರುತಿಸಿಕೊಳ್ಳುವುದು ಯಾನಾಚೆಕ್ಕರ ಬಹುಕಾಲದ ಹವ್ಯಾಸ. ಅವರು ರವೀಂದ್ರರ ಉಚ್ಚಾರದ ನಾದವನ್ನೂ ಹಾಗೆಯೇ ಗುರುತಿಸಿಕೊಂಡು ಪತ್ರಿಕೆಯಲ್ಲಿ ಲೇಖನ ಬರೆದರು. ಮರುವರ್ಷ ‘ದಿ ಗಾರ್ಡನರ್’ನ ಸ್ಪರ್ಶಮಣಿಯನ್ನು ಹುಡುಕುವ ಹುಚ್ಚನ ಕವನವನ್ನು ಗಂಡುದನಿಗಳ ವೃಂದಗಾನವಾಗಿ ಸಂಯೋಜಿಸಿದರು. ಅನುವಾದದಲ್ಲಿ ಕಳೆದುಹೋದ ಧಾತುವಿನ ಒಂದು ತುಣುಕನ್ನು ಕವಿಯ ಕಂಠದಿಂದಲೇ ನೇರವಾಗಿ ಎತ್ತಿಕೊಂಡವರು ಯಾನಾಚೆಕ್ ಎನ್ನಬಹುದು.

ಅದೇ ಪ್ರಾಗ್‌ನಲ್ಲಿ ನವ ಜರ್ಮನ್ ರಂಗಮಂದಿರದ ಸಂಗೀತ ನಿರ್ದೇಶಕರಾಗಿದ್ದವರು ಅಲೆಕ್ಸಾಂಡರ್ ಜೆಮ್‌ಲಿನ್‌ಸ್ಕಿ. ಹಾನ್ಸ್ ಎಫೆನ್‌ಬರ್ಗರ್ ಮಾಡಿದ ಜರ್ಮನ್ ಅನುವಾದದಿಂದ ಏಳು ಕವನಗಳನ್ನು ಆರಿಸಿ, ಒಬ್ಬ ಗಾಯಕ ಮತ್ತು ಒಬ್ಬ ಗಾಯಕಿ ಸರದಿಯಂತೆ ಹಾಡುವ ‘ಲಿರಿಕ್ ಸಿಂಫನಿ’ಯನ್ನು ಅವರು 1922–23ರಲ್ಲಿ ರಚಿಸಿದರು. ಅದರ ಮೊದಲ ಪ್ರಯೋಗ 1924ರ ಜೂನ್ 4ರಂದು ಪ್ರಾಗ್‌ನಲ್ಲಿಯೇ ನಡೆಯಿತು. ಮೂರನೆಯ ಗೀತ ‘ಮಾನಸ ಪ್ರತಿಮಾ’. ಬಂಗಾಳಿಯ ಪಲ್ಲವಿಯಲ್ಲಿದ್ದ ಹಕ್ಕಿನ ಕೂಗು ಇಲ್ಲಿ ಗಾಯಕನ ಕಂಠದಲ್ಲಿ ದೀರ್ಘವಾಗಿ ಎಳೆದ ಸ್ವರಪಂಕ್ತಿಯಾಗಿ ಮರುಹುಟ್ಟು ಪಡೆಯಿತು. ಇದು ಮಹಾವಾದ್ಯಮೇಳದ ಕೃತಿ, ಚೇಂಬರ್ ಸಂಗೀತವಲ್ಲ.

ಅದನ್ನು ನಾಲ್ಕು ತಂತಿವಾದ್ಯಗಳ ಆಪ್ತ ಆವರಣಕ್ಕೆ ತಂದವರು ಬರ್ಗ್. 1925ರ ಮೇ ತಿಂಗಳಿನಲ್ಲಿ ತಮ್ಮ ‘ವೊಟ್ಸೆಕ್’ ಗೀತನಾಟಕದ ಆಯ್ದ ಭಾಗಗಳನ್ನು ಜೆಮ್‌ಲಿನ್‌ಸ್ಕಿ ಪ್ರಾಗ್‌ನಲ್ಲಿ ನಿರ್ದೇಶಿಸಿದಾಗ ಬರ್ಗ್ ಅಲ್ಲಿನ ಉದ್ಯಮಿಯೊಬ್ಬರ ಮನೆಯಲ್ಲಿ ತಂಗಿದ್ದರು. ಆ ಮನೆಯೊಡತಿ ಹಾನ್ನಾ ಫುಕ್ಸ್ ಅವರ ಮೇಲೆ ಅವರಿಗೆ ಉತ್ಕಟ ಪ್ರೇಮ ಹುಟ್ಟಿತು. ಇಬ್ಬರೂ ವಿವಾಹಿತರು, ಹೇಳಿಕೊಳ್ಳಲಾಗದ ಪ್ರೇಮವದು. 1925–26ರಲ್ಲಿ ರಚಿಸಿದ ‘ಲಿರಿಕ್ ಸ್ವೀಟ್’ನಲ್ಲಿ ತಮ್ಮಿಬ್ಬರ ಹೆಸರಿನ ಮೊದಲಕ್ಷರಗಳನ್ನು ಅವರು ಸ್ವರಗಳಾಗಿ ಹೆಣೆದರು. ಕೃತಿಯನ್ನು ಬಹಿರಂಗವಾಗಿ ಅರ್ಪಿಸಿದ್ದು ಜೆಮ್‌ಲಿನ್‌ಸ್ಕಿಗೆ. ನಾಲ್ಕನೆಯ ಭಾಗದಲ್ಲಿ, ಮೊದಲು ವಿಯೋಲಾದಲ್ಲಿ, ಬಳಿಕ ಎರಡನೆಯ ಪಿಟೀಲಿನಲ್ಲಿ ಕೇಳುವ ಪಂಕ್ತಿ ‘ಲಿರಿಕ್ ಸಿಂಫನಿ’ಯ ಮೂರನೆಯ ಗೀತದಿಂದ, ಅದೇ ಹಕ್ಕಿನ ಕೂಗಿನಿಂದ ಎತ್ತಿದ್ದು. ಕೇಳುಗರಿಗೆ ಅದು ಹಿರಿಯ ಮಿತ್ರನಿಗೆ ಸಲ್ಲಿಸಿದ ಗೌರವ. ಬರ್ಗ್‌ಗೆ ಬೇರೊಂದು ಹೆಸರನ್ನು ನುಡಿಯದೆಯೇ ನುಡಿಯುವ ದಾರಿ. ಅಮೆರಿಕದ ವಿದ್ವಾಂಸ ಜಾರ್ಜ್ ಪರ್ಲ್ 1977ರಲ್ಲಿ, ಬರ್ಗ್ ಸ್ವಹಸ್ತದಿಂದ ಟಿಪ್ಪಣಿ ಬರೆದು ಹಾನ್ನಾಗೆ ನೀಡಿದ್ದ ಪ್ರತಿಯನ್ನು ಬೆಳಕಿಗೆ ತಂದ ಮೇಲೆಯೇ ಈ ಗುಟ್ಟು ಲೋಕಕ್ಕೆ ತಿಳಿಯಿತು.

ಕೈಗೆ ಸಿಗದವಳನ್ನು ತನ್ನವಳೆಂದು ಸಾರುವ ದ್ವಂದ್ವ ‘ಮಾನಸ ಪ್ರತಿಮಾ’ದ ಜೀವಾಳವಷ್ಟೆ. ಮೂರು ಭಾಷೆಗಳನ್ನು ದಾಟಿ, ಮೂಲದ ಧಾತುವನ್ನು ಕಳೆದುಕೊಂಡು, ಕೊನೆಗೆ ಮಾತನ್ನೂ ಕಳೆದುಕೊಂಡು ನಿಂತಾಗಲೂ ಆ ಜೀವಾಳ ಅಳಿಯಲಿಲ್ಲ. ರವೀಂದ್ರರು 1926ರಲ್ಲಿ ಮತ್ತೆ ಯುರೋಪಿಗೆ ಬಂದಿದ್ದರು. ಇಟಲಿ, ಸ್ವಿಟ್ಜರ್ಲೆಂಡ್, ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್‌ಗಳನ್ನು ಸುತ್ತಿ ಡಿಸೆಂಬರಿನಲ್ಲಿ ಅವರು ಭಾರತಕ್ಕೆ ಹಿಂದಿರುಗಿದರು. ವಿಯೆನ್ನಾದಲ್ಲಿ ಆ ನಾಲ್ವರು ವಾದಕರು ಕಮಾನು ಎತ್ತಿದಾಗ ಕವಿ ಬಂಗಾಳದಲ್ಲಿದ್ದರು.

7. ಒಡೆತನದ ಪ್ರಶ್ನೆ

ಯುರೋಪಿನಲ್ಲಿ ತಮ್ಮ ಮಾತಿಗೆ ಹೀಗೆ ಹತ್ತು ಧಾತುಗಳು ಕೂಡುತ್ತಿದ್ದ ಕಾಲದಲ್ಲಿಯೇ ಬಂಗಾಳದಲ್ಲಿ ರವೀಂದ್ರರು ತಮ್ಮ ಹಾಡಿನ ಒಂದು ಸ್ವರವೂ ಅಲುಗಬಾರದೆಂದು ವಾದಿಸುತ್ತಿದ್ದರು. ಗಾಯಕ, ಲೇಖಕ ದಿಲೀಪಕುಮಾರ ರಾಯರು ಹಿಂದೂಸ್ತಾನೀ ಸಂಪ್ರದಾಯದಂತೆ ಗಾಯಕನಿಗೆ ಆಲಾಪ-ತಾನಗಳ ಸ್ವಾತಂತ್ರ್ಯ ಬೇಕೆಂದು ಪಟ್ಟುಹಿಡಿದರು. ತಮ್ಮ ಹಾಡಿನಲ್ಲಿ ಪರರು ತುಂಬಲೆಂದು ಯಾವ ಬಿಡುವನ್ನೂ ತಾವು ಉಳಿಸಿಲ್ಲವೆಂಬುದು ರವೀಂದ್ರರ ನಿಲುವು. ಆದರೆ 1930ರಲ್ಲಿ ಐನ್‌ಸ್ಟೈನರೊಡನೆ ನಡೆಸಿದ ಸಂಭಾಷಣೆಯಲ್ಲಿ ಭಾರತೀಯ ಗಾಯಕನಿಗಿರುವ ಸ್ವಾತಂತ್ರ್ಯವನ್ನು ಪಾಶ್ಚಾತ್ಯ ಪದ್ಧತಿಯ ಕಟ್ಟುನಿಟ್ಟಿನೊಡನೆ ಹೋಲಿಸಿ ವಿವರಿಸಿದವರೂ ಅವರೇ. ಪರರ ಧಾಟಿಗಳನ್ನು ನಿರ್ಭಯವಾಗಿ ಒಡೆದು ಕಟ್ಟಿದವರು ತಮ್ಮ ಧಾಟಿಯನ್ನು ಒಡೆಯಲು ಬಿಡಲಿಲ್ಲವೆಂಬುದನ್ನು ವಿರೋಧಾಭಾಸವೆಂದು ತಳ್ಳಿಹಾಕುವುದು ಸುಲಭ. ಕುಟ್ಟಿಕಾರನಾಗಿ ಆರಂಭಿಸಿ ವಾಗ್ಗೇಯಕಾರನಾಗಿ ಬೆಳೆದವನಿಗೆ ಮಾತು-ಧಾತುಗಳ ಅವಿನಾಭಾವ ದುಡಿದು ಗಳಿಸಿದ ಆಸ್ತಿ. ಅವು ಎಷ್ಟು ಸುಲಭವಾಗಿ ಬೇರ್ಪಡುತ್ತವೆಂಬುದನ್ನು ತಮ್ಮ ಕೈಯಾರೆ ಕಂಡವರಿಗೆ ಅದರ ಬಗೆಗೆ ಆತಂಕವೂ ಹೆಚ್ಚು.

ಈ ಆತಂಕಕ್ಕೆ ಸ್ಪಂದಿಸಿದ ಪಾಶ್ಚಾತ್ಯರೂ ಇದ್ದರು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1925ರಲ್ಲಿ ಶಾಂತಿನಿಕೇತನಕ್ಕೆ ಬಂದು, ಹಾಡುಗಳನ್ನು ಕಲಿತು, 26 ಗೀತಗಳನ್ನು ಮೂಲ ಧಾಟಿಯ ಸಮೇತ ಪಾಶ್ಚಾತ್ಯ ಸ್ವರಲಿಪಿಯಲ್ಲಿ 1935ರಲ್ಲಿ ಪ್ಯಾರಿಸಿನಲ್ಲಿ ಪ್ರಕಟಿಸಿದರು. ಅದೇ ವರ್ಷ ದಿನೇಂದ್ರನಾಥರು ತೀರಿಕೊಂಡರು. ರವೀಂದ್ರರು 1941ರ ಆಗಸ್ಟ್ 7ರಂದು ಜೋಡಾಸಾಂಕೊ ಮನೆಯಲ್ಲಿ ಕೊನೆಯುಸಿರೆಳೆದರು. ‘ಡಾಕ್ ಘರ್’ ನಾಟಕಕ್ಕೆಂದು 1939ರಲ್ಲಿ ರಚಿಸಿ, ತಮ್ಮ ಮರಣಾನಂತರ ಹಾಡಬೇಕೆಂದು ಕಾದಿರಿಸಿದ್ದ ಹಾಡನ್ನು ಶಾಂತಿನಿಕೇತನದವರು ಹಾಡಿದರು. ಮರುವರ್ಷ ನಾಜಿ ಆಳ್ವಿಕೆಯಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ್ದ ಜೆಮ್‌ಲಿನ್‌ಸ್ಕಿ ಅಲ್ಲಿ ಬಹುಮಟ್ಟಿಗೆ ಅಜ್ಞಾತರಾಗಿ ತೀರಿಕೊಂಡರು.

ಕವಿಯ ಅನಂತರ ಸ್ವರಲಿಪಿಯ ಕಾವಲು ವಿಶ್ವಭಾರತಿಯ ಸಂಗೀತ ಮಂಡಳಿಗೆ ಬಂದಿತು. ಧ್ವನಿಮುದ್ರಣಗಳಿಗೆ ಅದರ ಒಪ್ಪಿಗೆ ಬೇಕಾಗಿತ್ತು. ಜನಪ್ರಿಯ ಗಾಯಕ ದೇವವ್ರತ ಬಿಸ್ವಾಸರೊಡನೆ ಈ ವಿಷಯದಲ್ಲಿ ನಡೆದ ವಿವಾದ ಬಂಗಾಳದ ಸಾಂಸ್ಕೃತಿಕ ಚರಿತ್ರೆಯ ನೋವಿನ ಅಧ್ಯಾಯಗಳಲ್ಲೊಂದು. 2001ರ ಕೊನೆಗೆ ಕೃತಿಸ್ವಾಮ್ಯದ ಅವಧಿ ಮುಗಿದು, ಕಾನೂನಿನ ಮಟ್ಟಿಗೆ ಹಾಡುಗಳು ಎಲ್ಲರವಾದವು.

8. ಸಮಾರೋಪ

ರವೀಂದ್ರರ ಗೀತಜೀವನದ ಈ ಅವಲೋಕನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅವರ ಹಾಡು ಯುರೋಪಿನ ಸಂಗೀತಕ್ಕೆ ದಕ್ಕಿದ್ದು ಧಾತುವನ್ನು ಕಳೆದುಕೊಂಡದ್ದರಿಂದ. ಬಂಗಾಳದಲ್ಲಿ ಉಳಿದದ್ದು ಅದನ್ನು ಬಿಗಿಯಾಗಿ ಹಿಡಿದದ್ದರಿಂದ. ಒಂದನ್ನು ನಿಷ್ಠೆಯೆಂದೂ ಇನ್ನೊಂದನ್ನು ವಿಕೃತಿಯೆಂದೂ ವಿಂಗಡಿಸುವುದರಿಂದ ಅಧ್ಯಯನಕ್ಕೆ ಲಾಭವಿಲ್ಲ. ಬರ್ಗ್ ಮಾಡಿದ್ದು ‘ವಾಲ್ಮೀಕಿ ಪ್ರತಿಭಾ’ದ ಕವಿ ಮಾಡಿದ್ದಕ್ಕಿಂತ ತೀರ ಬೇರೆಯಲ್ಲ.

ಎರಡನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಕನ್ನಡದಲ್ಲಿ ‘ಗೀತಾಂಜಲಿ’ ಬಹುಮಟ್ಟಿಗೆ ಓದುವ ಕೃತಿಯಾಗಿಯೇ ಒದಗಿದೆ. ತರಗತಿಯಲ್ಲಿ ಅದರ ಅನುಭಾವ ಚರ್ಚೆಗೆ ಬರುತ್ತದೆ, ಅದು ಹಾಡೆಂಬುದು ಬರುವುದಿಲ್ಲ. ಕನ್ನಡದ ಹಾಡುಗಳು ಮಾತನ್ನು ಇಲ್ಲಿಯೇ ಬಿಟ್ಟು ಬರಿಯ ಧಾತುವಾಗಿ ಬಂಗಾಳಕ್ಕೆ ಹೋದವು. ಬಂಗಾಳದ ಹಾಡುಗಳು ಧಾತುವನ್ನು ಅಲ್ಲಿಯೇ ಬಿಟ್ಟು ಬರಿಯ ಮಾತಾಗಿ ಕನ್ನಡಕ್ಕೆ ಬಂದವು. ದಾಸರ ಪದಗಳ ಮೂಲ ಧಾಟಿಗಳು ಬಹುತೇಕ ಕಳೆದುಹೋಗಿ, ಮುಂದಿನವರು ಕೂಡಿಸಿದ ಧಾಟಿಗಳಲ್ಲಿ ಬದುಕಿರುವ ಪರಂಪರೆಯೊಂದನ್ನು ಉಳ್ಳ ಕನ್ನಡಕ್ಕೆ ಈ ಸ್ಥಿತಿ ಅಪರಿಚಿತವೇನಲ್ಲ. ರವೀಂದ್ರರನ್ನು ವಾಗ್ಗೇಯಕಾರರಾಗಿ ಮತ್ತೆ ಓದುವ, ಓದುವುದರ ಜೊತೆಗೆ ಕೇಳುವ ಕೆಲಸಕ್ಕೆ ‘ಸಖೀ ಬಾ ಬಾ’ದ ಧಾಟಿಯೊಂದು ಸಮೀಪದ ಆರಂಭಬಿಂದುವಾಗಬಲ್ಲದು.